ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ಅನುದಾನ: ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಭಾಗದ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಗ್ರಾಮದ ರಸ್ತೆ, ಶಾಲೆಯ ಕೊಠಡಿ, ಕುಡಿಯುವ ನೀರಿನ ಕೊಳವೆಬಾವಿ, ಬಸ್ ತಂಗುದಾಣ, ಸಮುದಾಯ ಭವನ ಮುಂತಾದ ಕಾಮಗಾರಿಗಳನ್ನು ಕೋರಿ ಸಾರ್ವಜನಿಕರು ತಮ್ಮ ಕ್ಷೇತ್ರದ ಶಾಸಕರಿಗೆ ಹಾಗೂ ಸಂಸದರಿಗೆ ಮನವಿ ಸಲ್ಲಿಸುವುದು ವಾಡಿಕೆಯಲ್ಲಿದೆ. ಇಂತಹ ಮನವಿಗಳ ಪೈಕಿ ಕೆಲವು ಕೆಲವೇ ತಿಂಗಳುಗಳಲ್ಲಿ ಕಾಮಗಾರಿಯಾಗಿ ಪರಿವರ್ತನೆಗೊಳ್ಳುತ್ತವೆ. ಮತ್ತೆ ಕೆಲವು ವರ್ಷಗಟ್ಟಲೆ ಕಡತದಲ್ಲಿಯೇ ಉಳಿಯುತ್ತವೆ. ಮನವಿಯು ಯಾವ ಅನುದಾನಕ್ಕೆ ಸಂಬಂಧಿಸಿದ್ದು, ಅದನ್ನು ಶಿಫಾರಸು ಮಾಡುವವರು ಯಾರು, ಮಂಜೂರು ಮಾಡುವವರು ಯಾರು, ಜಾಗವು ಯಾರ ಹೆಸರಿನಲ್ಲಿರಬೇಕು ಎಂಬ ಅಂಶಗಳು ಅರ್ಜಿದಾರರಿಗೆ ಮೊದಲೇ ತಿಳಿದಿಲ್ಲದಿರುವುದು ಇಂತಹ ವಿಳಂಬಕ್ಕೆ ಒಂದು ಮುಖ್ಯ ಕಾರಣವಾಗಿದೆ.

ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ಭಾಗದ ಜನರ ಉಪಯೋಗಕ್ಕಾಗಿ ಜನಪ್ರತಿನಿಧಿಗಳ ಮೂಲಕ ಸರ್ಕಾರದ ಹಣ ಕ್ಷೇತ್ರಗಳಿಗೆ ಹರಿದುಬರುವ ಮಾರ್ಗಗಳನ್ನು ಇಲ್ಲಿ ವಿವರಿಸಲಾಗಿದೆ. ಸದರಿ ನಾಲ್ಕು ತಾಲ್ಲೂಕುಗಳು ಹಿಂದೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದವು. 2007ರ ಆಗಸ್ಟ್ 23ರಂದು ಇವುಗಳನ್ನು ಒಳಗೊಂಡ ರಾಮನಗರ ಜಿಲ್ಲೆಯು ಅಸ್ತಿತ್ವಕ್ಕೆ ಬಂದಿತು. ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಾಯಿಸಲು 2025ರ ಮೇ ತಿಂಗಳಿನಲ್ಲಿ ರಾಜ್ಯ ಸಚಿವ ಸಂಪುಟವು ತೀರ್ಮಾನಿಸಿತು. ಜಿಲ್ಲಾ ಕೇಂದ್ರವು ರಾಮನಗರವೇ ಆಗಿರುತ್ತದೆ.

2. ಯೋಜನೆಗಳ ಹಿನ್ನೆಲೆ

(ಅ) ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ: ಈ ಯೋಜನೆಯನ್ನು 1993ರ ಡಿಸೆಂಬರ್ 23ರಂದು ಅಂದಿನ ಪ್ರಧಾನಮಂತ್ರಿ ಶ್ರೀ ಪಿ.ವಿ. ನರಸಿಂಹರಾವ್ ಅವರು ಸಂಸತ್ತಿನಲ್ಲಿ ಪ್ರಕಟಿಸಿದರು. ಮೊದಲ ವರ್ಷ ಪ್ರತಿ ಸಂಸದರಿಗೆ 5 ಲಕ್ಷ ರೂಪಾಯಿಗಳನ್ನು ನಿಗದಿಪಡಿಸಲಾಗಿತ್ತು. ಈ ಮೊತ್ತವನ್ನು 1994-95ರಲ್ಲಿ 1 ಕೋಟಿಗೆ, 1998-99ರಲ್ಲಿ 2 ಕೋಟಿಗೆ ಹಾಗೂ 2011-12ರಲ್ಲಿ 5 ಕೋಟಿ ರೂಪಾಯಿಗಳಿಗೆ ಹೆಚ್ಚಿಸಲಾಯಿತು. ಕೋವಿಡ್ ಸಾಂಕ್ರಾಮಿಕದ ಕಾರಣ 2020ರ ಏಪ್ರಿಲ್‌ನಲ್ಲಿ ಯೋಜನೆಯನ್ನು ತಡೆಹಿಡಿಯಲಾಗಿತ್ತು. 2021ರ ನವೆಂಬರ್‌ನಲ್ಲಿ ಅದನ್ನು ಪುನಃ ಜಾರಿಗೊಳಿಸಿ, ಆ ವರ್ಷದ ಉಳಿದ ಅವಧಿಗೆ ತಲಾ 2 ಕೋಟಿ ರೂಪಾಯಿ ಒದಗಿಸಲಾಯಿತು. 2023ರ ಏಪ್ರಿಲ್ 1ರಿಂದ ಪರಿಷ್ಕೃತ ಮಾರ್ಗಸೂಚಿಗಳು ಜಾರಿಗೆ ಬಂದಿರುತ್ತವೆ. ಯೋಜನೆಯ ಉಸ್ತುವಾರಿಯು ಕೇಂದ್ರ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯದ್ದಾಗಿದೆ.

(ಆ) ಕರ್ನಾಟಕ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ: ಕೇಂದ್ರದ ಮಾದರಿಯಲ್ಲಿ ರಾಜ್ಯ ಸರ್ಕಾರವು ಈ ಯೋಜನೆಯನ್ನು 2001-02ನೇ ಸಾಲಿನಲ್ಲಿ ಆರಂಭಿಸಿತು. ವಿಧಾನಸಭೆಯ ಹಾಗೂ ವಿಧಾನಪರಿಷತ್ತಿನ ಸದಸ್ಯರಿಬ್ಬರಿಗೂ ಯೋಜನೆಯು ಅನ್ವಯಿಸುತ್ತದೆ. ಪ್ರತಿ ಶಾಸಕರಿಗೆ ವಾರ್ಷಿಕ 2 ಕೋಟಿ ರೂಪಾಯಿಗಳ ಮಿತಿಯನ್ನು ನಿಗದಿಪಡಿಸಲಾಗಿದೆ.

ಎರಡೂ ಯೋಜನೆಗಳಲ್ಲಿ ಹಣವು ಜನಪ್ರತಿನಿಧಿಯ ಕೈಗೆ ಸೇರುವುದಿಲ್ಲ ಎಂಬುದನ್ನು ಸಾರ್ವಜನಿಕರು ಮುಖ್ಯವಾಗಿ ಗಮನಿಸತಕ್ಕದ್ದು. ಶಾಸಕರು ಅಥವಾ ಸಂಸದರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ. ಪರಿಶೀಲಿಸಿ ಮಂಜೂರು ಮಾಡುವ ಅಧಿಕಾರವು ಜಿಲ್ಲಾಡಳಿತಕ್ಕೆ ಸೇರಿದ್ದು, ಕಾಮಗಾರಿಯನ್ನು ಸರ್ಕಾರದ ಸಂಸ್ಥೆಯು ನಿರ್ವಹಿಸುತ್ತದೆ.

3. ನಿಮ್ಮ ಊರು ಯಾವ ಕ್ಷೇತ್ರಕ್ಕೆ ಸೇರಿದೆ?

ತಾಲ್ಲೂಕಿನ ಗಡಿ ಹಾಗೂ ವಿಧಾನಸಭಾ ಕ್ಷೇತ್ರದ ಗಡಿ ಒಂದೇ ಎಂದು ಭಾವಿಸಿ ಸಲ್ಲಿಸಿದ ಅರ್ಜಿಗಳು ಹಿಂದಿರುಗುವ ಸಂಭವವಿರುತ್ತದೆ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಾತನೂರು ಕ್ಷೇತ್ರವು ರದ್ದಾಯಿತು ಹಾಗೂ ಉಳಿದ ಕ್ಷೇತ್ರಗಳ ಗಡಿಗಳು ಬದಲಾದವು. ಅದರಂತೆ:

- ಬಿಡದಿ ಹಾಗೂ ಕೂಟಗಲ್ ಹೋಬಳಿಗಳು ರಾಮನಗರ ತಾಲ್ಲೂಕಿಗೆ ಸೇರಿದ್ದರೂ ಮಾಗಡಿ ವಿಧಾನಸಭಾ ಕ್ಷೇತ್ರದ ವ್ಯಾಪ್ತಿಯಲ್ಲಿವೆ.
- ಹಾರೋಹಳ್ಳಿ ಹಾಗೂ ಮರಳವಾಡಿ ಹೋಬಳಿಗಳು ಮೂಲತಃ ಕನಕಪುರ ತಾಲ್ಲೂಕಿನವಾದರೂ ರಾಮನಗರ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತವೆ.
- ಈ ನಾಲ್ಕು ಕ್ಷೇತ್ರಗಳೂ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದ ಭಾಗವಾಗಿವೆ. ಕುಣಿಗಲ್, ಆನೇಕಲ್, ರಾಜರಾಜೇಶ್ವರಿನಗರ ಹಾಗೂ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರಗಳು ಸಹ ಇದೇ ಲೋಕಸಭಾ ಕ್ಷೇತ್ರದಲ್ಲಿವೆ.

ಆದುದರಿಂದ ಬಿಡದಿ ಭಾಗದ ನಿವಾಸಿಗಳು ಮಾಗಡಿ ಕ್ಷೇತ್ರದ ಶಾಸಕರಿಗೂ, ಹಾರೋಹಳ್ಳಿ ಭಾಗದ ನಿವಾಸಿಗಳು ರಾಮನಗರ ಕ್ಷೇತ್ರದ ಶಾಸಕರಿಗೂ ಮನವಿ ಸಲ್ಲಿಸತಕ್ಕದ್ದು. ಮತದಾರರ ಪಟ್ಟಿಯ ಮೊದಲ ಪುಟದಲ್ಲಿ ಕ್ಷೇತ್ರದ ಹೆಸರು ಹಾಗೂ ಸಂಖ್ಯೆ ನಮೂದಾಗಿರುತ್ತದೆ.

4. ಮೊತ್ತ ಎಷ್ಟು? ಅದರ ಮಿತಿ ಏನು?

ನಾಲ್ಕು ವಿಧಾನಸಭಾ ಸದಸ್ಯರ ಅನುದಾನವು ಸೇರಿ ವರ್ಷಕ್ಕೆ 8 ಕೋಟಿ ರೂಪಾಯಿಗಳಾಗುತ್ತದೆ. ಐದು ವರ್ಷಗಳ ಪೂರ್ಣ ಅವಧಿಗೆ ಒಂದು ಕ್ಷೇತ್ರಕ್ಕೆ 10 ಕೋಟಿ, ನಾಲ್ಕು ಕ್ಷೇತ್ರಗಳಿಗೆ 40 ಕೋಟಿ ರೂಪಾಯಿ ದೊರೆಯುತ್ತದೆ. ಸಂಸದರ 5 ಕೋಟಿ ರೂಪಾಯಿಗಳನ್ನು ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಸಮನಾಗಿ ಹಂಚಿದಲ್ಲಿ ಕ್ಷೇತ್ರವೊಂದಕ್ಕೆ ವರ್ಷಕ್ಕೆ 62.5 ಲಕ್ಷ ರೂಪಾಯಿ ಬರುತ್ತದೆ. ಆದರೆ ಸಮನಾಗಿ ಹಂಚಬೇಕೆಂಬ ನಿಯಮವಿರುವುದಿಲ್ಲ.

ರಾಜ್ಯಮಟ್ಟದ ಲೆಕ್ಕವನ್ನೂ ಇಲ್ಲಿ ನೀಡಲಾಗಿದೆ. ವಿಧಾನಸಭೆಯ 224 ಹಾಗೂ ವಿಧಾನಪರಿಷತ್ತಿನ 75, ಒಟ್ಟು 299 ಸದಸ್ಯರಿಗೆ ತಲಾ 2 ಕೋಟಿಯಂತೆ 598 ಕೋಟಿ ರೂಪಾಯಿಗಳಾಗುತ್ತದೆ. 2025-26ನೇ ಸಾಲಿನ ರಾಜ್ಯ ಆಯವ್ಯಯದ ಗಾತ್ರವು 4,09,549 ಕೋಟಿ ರೂಪಾಯಿಗಳು. ಅಂದರೆ ಸರ್ಕಾರವು ವೆಚ್ಚ ಮಾಡುವ ಪ್ರತಿ 100 ರೂಪಾಯಿಗಳಲ್ಲಿ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯ ಪಾಲು ಸುಮಾರು 15 ಪೈಸೆ ಮಾತ್ರ. ಸಣ್ಣ ಕಾಮಗಾರಿಗಳಿಗೆ ಈ ನಿಧಿಯು ಉಪಯುಕ್ತ. ದೊಡ್ಡ ಕೆರೆ ತುಂಬಿಸುವ ಯೋಜನೆ, ಆಸ್ಪತ್ರೆ, ಕಾಲೇಜು, ಸೇತುವೆ ಮುಂತಾದವುಗಳಿಗೆ ಇದು ಸಾಲದು. ಅವುಗಳ ಮಾರ್ಗವನ್ನು 8ನೇ ಭಾಗದಲ್ಲಿ ವಿವರಿಸಲಾಗಿದೆ.

5. ಯಾವ ಕಾಮಗಾರಿಗಳಿಗೆ ಅವಕಾಶವಿದೆ?

ಬಾಳಿಕೆ ಬರುವ, ಸಾರ್ವಜನಿಕರ ಸ್ವತ್ತಾಗಿ ಉಳಿಯುವ ಆಸ್ತಿಯನ್ನು ನಿರ್ಮಿಸುವುದು ಈ ಯೋಜನೆಗಳ ಮೂಲ ತತ್ವವಾಗಿದೆ. ಕುಡಿಯುವ ನೀರು, ಸರ್ಕಾರಿ ಶಾಲೆ ಹಾಗೂ ಅಂಗನವಾಡಿ ಕಟ್ಟಡ, ಗ್ರಾಮೀಣ ರಸ್ತೆ, ಚರಂಡಿ, ಕಿರುಸೇತುವೆ, ಗ್ರಂಥಾಲಯ, ಬಸ್ ತಂಗುದಾಣ, ಆರೋಗ್ಯ ಕೇಂದ್ರ, ಸ್ಮಶಾನದ ಮೂಲಸೌಲಭ್ಯ, ಬೀದಿದೀಪ ಮುಂತಾದವು ಸಾಮಾನ್ಯವಾಗಿ ಮಂಜೂರಾಗುವ ಕಾಮಗಾರಿಗಳು.

ಖಾಸಗಿ ವ್ಯಕ್ತಿಯ ಅಥವಾ ವಾಣಿಜ್ಯ ಸಂಸ್ಥೆಯ ಲಾಭಕ್ಕಾಗಿ ಆಸ್ತಿ ನಿರ್ಮಾಣ, ಭೂಸ್ವಾಧೀನ, ಸಾಲ ಅಥವಾ ನಗದು ಸಹಾಯ, ಸ್ಮಾರಕ ನಿರ್ಮಾಣ, ಪೂಜಾಸ್ಥಳಗಳ ಆವರಣದೊಳಗಿನ ಕಾಮಗಾರಿ ಇವುಗಳಿಗೆ ಸಂಸದರ ನಿಧಿಯನ್ನು ಬಳಸುವಂತಿಲ್ಲ. ಶಾಸಕರ ನಿಧಿಯ ಮಾರ್ಗಸೂಚಿಗಳು ಸರ್ಕಾರದ ಆದೇಶಗಳ ಮೂಲಕ ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಅರ್ಜಿ ಸಲ್ಲಿಸುವ ವರ್ಷದಲ್ಲಿ ಜಾರಿಯಲ್ಲಿರುವ ಪಟ್ಟಿಯನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಪರಿಶೀಲಿಸಿಕೊಳ್ಳುವುದು ಸೂಕ್ತ.

ಸಂಸದರು ಪ್ರತಿ ವರ್ಷ ತಮ್ಮ ಅನುದಾನದ ಕನಿಷ್ಠ ಶೇ. 15ರಷ್ಟನ್ನು ಪರಿಶಿಷ್ಟ ಜಾತಿಯವರು ವಾಸಿಸುವ ಪ್ರದೇಶಗಳಿಗೆ ಹಾಗೂ ಶೇ. 7.5ರಷ್ಟನ್ನು ಪರಿಶಿಷ್ಟ ಪಂಗಡದವರು ವಾಸಿಸುವ ಪ್ರದೇಶಗಳಿಗೆ ಶಿಫಾರಸು ಮಾಡತಕ್ಕದ್ದು. ರಾಜ್ಯದ ಅಭಿವೃದ್ಧಿ ವೆಚ್ಚದಲ್ಲಿ ಈ ಸಮುದಾಯಗಳಿಗೆ ಜನಸಂಖ್ಯೆಗೆ ಅನುಗುಣವಾದ ಪಾಲು ದೊರಕಿಸಲು 2013ರಲ್ಲಿ ಪ್ರತ್ಯೇಕ ಅಧಿನಿಯಮವನ್ನು ಜಾರಿಗೆ ತರಲಾಗಿದೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರ ಪ್ರಮಾಣ ಶೇ. 17.15 ಹಾಗೂ ಪರಿಶಿಷ್ಟ ಪಂಗಡದವರ ಪ್ರಮಾಣ ಶೇ. 6.95 ಆಗಿರುತ್ತದೆ. ಕಾಲೋನಿ ಹಾಗೂ ಹಾಡಿಗಳ ನಿವಾಸಿಗಳು ತಮ್ಮ ಮನವಿಯಲ್ಲಿ ಈ ಅಂಶವನ್ನು ಸ್ಪಷ್ಟವಾಗಿ ನಮೂದಿಸಬಹುದು.

6. ಮಂಜೂರಾತಿಯ ಹಂತಗಳು

(1) ಸಾರ್ವಜನಿಕರು, ಗ್ರಾಮ ಪಂಚಾಯಿತಿ ಅಥವಾ ಶಾಲಾಭಿವೃದ್ಧಿ ಸಮಿತಿಯಿಂದ ಜನಪ್ರತಿನಿಧಿಗೆ ಲಿಖಿತ ಮನವಿ.
(2) ಶಾಸಕರು ಅಥವಾ ಸಂಸದರಿಂದ ಜಿಲ್ಲಾಡಳಿತಕ್ಕೆ ಶಿಫಾರಸು. ಪರಿಷ್ಕೃತ ಪದ್ಧತಿಯಂತೆ ಸಂಸದರ ಶಿಫಾರಸುಗಳು ಇ-ಸಾಕ್ಷಿ ಎಂಬ ಅಂತರ್ಜಾಲ ವ್ಯವಸ್ಥೆಯ ಮೂಲಕ ಸಲ್ಲಿಕೆಯಾಗುತ್ತವೆ.
(3) ಅನುಷ್ಠಾನ ಸಂಸ್ಥೆಯಿಂದ ಸ್ಥಳ ಪರಿಶೀಲನೆ ಹಾಗೂ ಅಂದಾಜು ಪಟ್ಟಿ ತಯಾರಿ. ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ನಿರ್ಮಿತಿ ಕೇಂದ್ರ, ಹಿಂದೆ ಭೂಸೇನಾ ನಿಗಮವೆಂದು ಹೆಸರಾಗಿದ್ದ ಕರ್ನಾಟಕ ಗ್ರಾಮೀಣ ಮೂಲಭೂತ ಸೌಕರ್ಯ ಅಭಿವೃದ್ಧಿ ನಿಗಮ, ನಗರಸಭೆ ಹಾಗೂ ಪುರಸಭೆಗಳು ಇಂತಹ ಸಂಸ್ಥೆಗಳಾಗಿವೆ.
(4) ತಾಂತ್ರಿಕ ಮಂಜೂರಾತಿ ಹಾಗೂ ಆಡಳಿತಾತ್ಮಕ ಅನುಮೋದನೆ.
(5) ಟೆಂಡರ್ ಪ್ರಕ್ರಿಯೆ ಹಾಗೂ ಕಾರ್ಯಾದೇಶ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಇದಕ್ಕೆ ಅನ್ವಯಿಸುತ್ತದೆ. ಸದರಿ ಅಧಿನಿಯಮದ 4(ಜಿ) ಪ್ರಕರಣದಡಿ ವಿನಾಯಿತಿ ನೀಡಿದಲ್ಲಿ, ಆ ವಿನಾಯಿತಿಯ ಆದೇಶವು ಕಡತದಲ್ಲಿ ಇರುತ್ತದೆ.
(6) ಕಾಮಗಾರಿ, ಅಳತೆ ಪುಸ್ತಕದಲ್ಲಿ ದಾಖಲೆ, ಗುಣಮಟ್ಟ ಪರಿಶೀಲನೆ, ಬಿಲ್ಲು ಪಾವತಿ.
(7) ಹಣ ಬಳಕೆ ಪ್ರಮಾಣಪತ್ರ ಹಾಗೂ ಆಸ್ತಿಯನ್ನು ಬಳಕೆದಾರ ಸಂಸ್ಥೆಗೆ ಹಸ್ತಾಂತರಿಸುವುದು.

ಸಂಸದರ ನಿಧಿಯಲ್ಲಿ ಶಿಫಾರಸು ಸ್ವೀಕೃತವಾದ 45 ದಿನಗಳೊಳಗೆ ಮಂಜೂರಾತಿಯ ಬಗ್ಗೆ ತೀರ್ಮಾನ ಕೈಗೊಳ್ಳತಕ್ಕದ್ದೆಂದು ಮಾರ್ಗಸೂಚಿಯು ತಿಳಿಸುತ್ತದೆ. ಶಾಸಕರ ನಿಧಿಯ ಹಣವು ಕಂತುಗಳಲ್ಲಿ ಬಿಡುಗಡೆಯಾಗಿ ಜಿಲ್ಲಾಧಿಕಾರಿಗಳ ಠೇವಣಿ ಖಾತೆಯಲ್ಲಿರುತ್ತದೆ. ಹಿಂದಿನ ಕಾಮಗಾರಿಗಳ ಲೆಕ್ಕ ಹಾಗೂ ಬಳಕೆ ಪ್ರಮಾಣಪತ್ರ ಬಾರದಿದ್ದಲ್ಲಿ ಹಣವು ಖಾತೆಯಲ್ಲಿ ಉಳಿದು, ಊರಿನಲ್ಲಿ ಕಾಮಗಾರಿ ನಡೆಯದಿರುವ ಸ್ಥಿತಿ ಉಂಟಾಗುತ್ತದೆ. "ಅನುದಾನವಿಲ್ಲ" ಎಂಬ ಉತ್ತರ ದೊರೆತಾಗ, ಅನುದಾನ ಬಿಡುಗಡೆಯಾಗಿಲ್ಲವೋ ಅಥವಾ ಬಿಡುಗಡೆಯಾಗಿಯೂ ವೆಚ್ಚವಾಗಿಲ್ಲವೋ ಎಂಬುದನ್ನು ಅರ್ಜಿದಾರರು ಲಿಖಿತವಾಗಿ ಕೇಳಬಹುದು.

7. ಅರ್ಜಿ ಸಲ್ಲಿಸುವ ಮುನ್ನ ಗಮನಿಸಬೇಕಾದ ಅಂಶಗಳು

ಜಾಗ: ಸಮುದಾಯ ಭವನ ಅಥವಾ ಅಂಗನವಾಡಿಗೆ ಸೂಚಿಸಿದ ನಿವೇಶನವು ಸರ್ಕಾರದ, ಗ್ರಾಮ ಪಂಚಾಯಿತಿಯ ಅಥವಾ ಸಂಬಂಧಿಸಿದ ಇಲಾಖೆಯ ಹೆಸರಿನಲ್ಲಿರುವುದನ್ನು ಖಾತೆ ಅಥವಾ ಪಹಣಿಯಿಂದ ದೃಢಪಡಿಸಿಕೊಳ್ಳತಕ್ಕದ್ದು. ದಾನಿಗಳು ಜಾಗ ಕೊಡುವುದಾಗಿ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ನೋಂದಾಯಿತ ದಾನಪತ್ರ ಅಗತ್ಯ. ಖಾಸಗಿ ಜಮೀನಿನಲ್ಲಿ ಕೊರೆದ ಕೊಳವೆಬಾವಿಯ ನೀರು ಕಾಲಕ್ರಮೇಣ ಜಮೀನಿನ ಮಾಲೀಕರ ಬಳಕೆಗೆ ಸೀಮಿತವಾಗುವ ಅಪಾಯವಿರುತ್ತದೆ.

ನಿರ್ವಹಣೆ: ಈ ನಿಧಿಗಳಿಂದ ಆಸ್ತಿಯನ್ನು ನಿರ್ಮಿಸಬಹುದು, ವಿದ್ಯುತ್ ಬಿಲ್ಲು ಅಥವಾ ಸಿಬ್ಬಂದಿ ವೇತನ ಭರಿಸುವಂತಿಲ್ಲ. ಶುದ್ಧ ನೀರಿನ ಘಟಕ ಸ್ಥಾಪನೆಯಾದ ಮೇಲೆ ಅದನ್ನು ನಡೆಸುವವರು ಯಾರೆಂಬುದು ಮೊದಲೇ ತೀರ್ಮಾನವಾಗದಿದ್ದಲ್ಲಿ ಘಟಕವು ಬೀಗ ಬಿದ್ದು ನಿಲ್ಲುತ್ತದೆ. ಗ್ರಾಮ ಪಂಚಾಯಿತಿಯ ನಿರ್ವಹಣಾ ಒಪ್ಪಿಗೆ ಪತ್ರವನ್ನು ಅರ್ಜಿಯೊಂದಿಗೆ ಲಗತ್ತಿಸುವುದು ಉತ್ತಮ.

ಗ್ರಾಮಸಭೆಯ ನಿರ್ಣಯ: ಒಬ್ಬರ ಸಹಿಯ ಮನವಿಗಿಂತ ಗ್ರಾಮಸಭೆ ಅಥವಾ ವಾರ್ಡ್ ಸಭೆಯ ನಿರ್ಣಯದ ಪ್ರತಿಯುಳ್ಳ ಮನವಿಗೆ ಹೆಚ್ಚಿನ ತೂಕವಿರುತ್ತದೆ. ಅದೇ ರಸ್ತೆಗೆ ಬೇರೊಂದು ಯೋಜನೆಯಡಿ ಹಣ ಮಂಜೂರಾಗಿದೆಯೇ ಎಂಬುದನ್ನೂ ಪಂಚಾಯಿತಿಯಲ್ಲಿ ವಿಚಾರಿಸತಕ್ಕದ್ದು. ಒಂದೇ ಕಾಮಗಾರಿಗೆ ಎರಡು ಬಿಲ್ಲು ತಯಾರಾಗುವುದನ್ನು ತಡೆಯಲು ಇದು ಸಹಕಾರಿ.

8. ನಿಧಿಯ ಹೊರಗಿನ ಮಾರ್ಗಗಳು: ಆಯವ್ಯಯ ಹಾಗೂ ಸಚಿವ ಸಂಪುಟದ ತೀರ್ಮಾನಗಳು

ಕ್ಷೇತ್ರವೊಂದಕ್ಕೆ ಬರುವ ದೊಡ್ಡ ಮೊತ್ತಗಳು ಪ್ರದೇಶಾಭಿವೃದ್ಧಿ ನಿಧಿಯಿಂದ ಬರುವುದಿಲ್ಲ. ಅವು ಇಲಾಖೆಗಳ ಆಯವ್ಯಯ, ಪೂರಕ ಅಂದಾಜುಗಳು, ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿ, ನಿಗಮಗಳ ಕ್ರಿಯಾಯೋಜನೆ ಹಾಗೂ ವಿಶೇಷ ಅನುದಾನಗಳ ಮೂಲಕ ಬರುತ್ತವೆ. 2025-26ನೇ ಸಾಲಿನ ಆಯವ್ಯಯದಲ್ಲಿ ವಿಧಾನಸಭಾ ಕ್ಷೇತ್ರಗಳ ಮೂಲಸೌಲಭ್ಯಕ್ಕಾಗಿ 8,000 ಕೋಟಿ ರೂಪಾಯಿಗಳ ಮುಖ್ಯಮಂತ್ರಿಗಳ ಮೂಲಸೌಲಭ್ಯ ಅಭಿವೃದ್ಧಿ ಕಾರ್ಯಕ್ರಮವನ್ನು ಪ್ರಕಟಿಸಲಾಯಿತು. ಇದು ಶಾಸಕರ ನಿಧಿಯ ವಾರ್ಷಿಕ ಮೊತ್ತದ 13 ಪಟ್ಟಿಗಿಂತ ಹೆಚ್ಚು.

ಈ ಮಾರ್ಗಗಳಲ್ಲಿ ಶಾಸಕರಿಗೆ ನಿಗದಿತ ಪಾಲು ಎಂಬುದಿಲ್ಲ. ಸದನದಲ್ಲಿ ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಬೇಡಿಕೆಗಳ ಮೇಲಿನ ಚರ್ಚೆ, ಸಚಿವರಿಗೆ ಪತ್ರ, ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ ಸಭೆ ಇವು ಅವರ ಸಾಧನಗಳು. ತಾಲ್ಲೂಕು ಮಟ್ಟದ ಸದರಿ ಸಭೆಗೆ ಶಾಸಕರೂ, ಜಿಲ್ಲಾ ಮಟ್ಟದ ಸಭೆಗೆ ಜಿಲ್ಲಾ ಉಸ್ತುವಾರಿ ಸಚಿವರೂ ಅಧ್ಯಕ್ಷರಾಗಿರುತ್ತಾರೆ. ರಾಜ್ಯದ ಜಿಲ್ಲಾ ಹಾಗೂ ತಾಲ್ಲೂಕು ಪಂಚಾಯಿತಿಗಳ ಚುನಾಯಿತ ಅವಧಿಯು 2021ರಲ್ಲಿ ಮುಗಿದು, ನಂತರದ ವರ್ಷಗಳಲ್ಲಿ ಅವು ಆಡಳಿತಾಧಿಕಾರಿಗಳ ನಿರ್ವಹಣೆಗೆ ಒಳಪಟ್ಟ ಕಾರಣ, ಸ್ಥಳೀಯ ಬೇಡಿಕೆಗಳ ಭಾರವು ಶಾಸಕರ ಮೇಲೆ ಇನ್ನಷ್ಟು ಹೆಚ್ಚಿತು.

ಈ ಭಾಗವು ಪ್ರಭಾವಿ ಪ್ರತಿನಿಧಿಗಳನ್ನು ಕಂಡಿರುವ ಪ್ರದೇಶ. ಶ್ರೀ ಕೆಂಗಲ್ ಹನುಮಂತಯ್ಯನವರು 1952ರಲ್ಲಿ ರಾಮನಗರದಿಂದ, ಶ್ರೀ ರಾಮಕೃಷ್ಣ ಹೆಗಡೆಯವರು 1983ರ ಉಪಚುನಾವಣೆಯಲ್ಲಿ ಕನಕಪುರದಿಂದ, ಶ್ರೀ ಎಚ್.ಡಿ. ದೇವೇಗೌಡರು 1994ರಲ್ಲಿ ರಾಮನಗರದಿಂದ ಆಯ್ಕೆಯಾಗಿ ಮುಖ್ಯಮಂತ್ರಿಗಳಾಗಿದ್ದರು. ಶ್ರೀ ಎಚ್.ಡಿ. ಕುಮಾರಸ್ವಾಮಿಯವರು 2006ರಲ್ಲಿ ಮುಖ್ಯಮಂತ್ರಿಯಾದಾಗ ರಾಮನಗರವನ್ನು, 2018ರಲ್ಲಿ ಚನ್ನಪಟ್ಟಣವನ್ನು ಪ್ರತಿನಿಧಿಸುತ್ತಿದ್ದರು. ಸಾತನೂರಿನ ಶಾಸಕರಾಗಿದ್ದ ಶ್ರೀ ಡಿ.ಕೆ. ಶಿವಕುಮಾರ್ ಅವರು 2008ರಿಂದ ಕನಕಪುರದಿಂದ ಆಯ್ಕೆಯಾಗುತ್ತ ಬಂದಿದ್ದು, ಇಂಧನ ಹಾಗೂ ಜಲಸಂಪನ್ಮೂಲ ಖಾತೆಗಳನ್ನು ನಿರ್ವಹಿಸಿದ್ದಾರೆ ಹಾಗೂ 2023ರಲ್ಲಿ ಉಪಮುಖ್ಯಮಂತ್ರಿಯಾದರು. ಇದರ ಪರಿಣಾಮಗಳನ್ನು ಕೆಳಕಂಡ ಉದಾಹರಣೆಗಳಿಂದ ತಿಳಿಯಬಹುದು.

ಜಿಲ್ಲೆಯ ರಚನೆ: 2007ರಲ್ಲಿ ಜಿಲ್ಲೆ ರಚನೆಯಾದಾಗ ಮುಖ್ಯಮಂತ್ರಿಗಳು ರಾಮನಗರದ ಶಾಸಕರಾಗಿದ್ದರು. ಜಿಲ್ಲಾಧಿಕಾರಿಗಳ ಕಚೇರಿ, ಜಿಲ್ಲಾ ಪಂಚಾಯಿತಿ ಹಾಗೂ ಜಿಲ್ಲಾ ಮಟ್ಟದ ಇತರ ಕಚೇರಿಗಳು ಇದರಿಂದ ಜನರಿಗೆ ಹತ್ತಿರವಾದವು. ಅವುಗಳ ಕಟ್ಟಡ ಹಾಗೂ ಸಿಬ್ಬಂದಿಯ ವೆಚ್ಚವೂ ಇದೇ ಭಾಗಕ್ಕೆ ಬಂದಿತು.

ನೀರಾವರಿ: ಚನ್ನಪಟ್ಟಣ ತಾಲ್ಲೂಕಿನ ಇಗ್ಗಲೂರಿನಲ್ಲಿ ಶಿಂಷಾ ನದಿಗೆ ಕಟ್ಟಿರುವ ಬ್ಯಾರೇಜಿನಿಂದ ನೀರೆತ್ತಿ ಕೆರೆಗಳನ್ನು ತುಂಬಿಸುವ ಕಾರ್ಯವು ತಾಲ್ಲೂಕಿನ ಪ್ರತಿ ಚುನಾವಣೆಯಲ್ಲಿಯೂ ಚರ್ಚೆಯಾಗುವ ವಿಷಯ. ಇಂತಹ ಯೋಜನೆಯು ಪ್ರದೇಶಾಭಿವೃದ್ಧಿ ನಿಧಿಯ ಮಿತಿಯನ್ನು ಮೀರಿದ್ದು, ನೀರಾವರಿಯ ಆಯವ್ಯಯದಿಂದ ಮಾತ್ರ ಸಾಧ್ಯ.

ಪ್ರಾಯೋಗಿಕ ಯೋಜನೆ: ಸೌರ ಪಂಪ್‌ಸೆಟ್‌ಗಳ ಸೂರ್ಯರೈತ ಯೋಜನೆಯ ಪ್ರಾಯೋಗಿಕ ಹಂತಕ್ಕೆ ಕನಕಪುರ ತಾಲ್ಲೂಕಿನ ಹಾರೋಬೆಲೆ ಭಾಗವನ್ನು ಆರಿಸಿಕೊಳ್ಳಲಾಗಿತ್ತು. ಆ ಅವಧಿಯಲ್ಲಿ ಇಂಧನ ಖಾತೆಯು ಕನಕಪುರದ ಶಾಸಕರ ಬಳಿ ಇತ್ತು.

ಆಯವ್ಯಯದ ಟೀಕೆ: 2018ರ ಜುಲೈ 5ರಂದು ಮಂಡಿಸಲಾದ ಆಯವ್ಯಯವು ಹಾಸನ, ಮಂಡ್ಯ ಹಾಗೂ ರಾಮನಗರ ಜಿಲ್ಲೆಗಳಿಗೆ ಹೆಚ್ಚಿನ ಒಲವು ತೋರಿದೆಯೆಂದು ಅಂದಿನ ವಿರೋಧ ಪಕ್ಷವೂ ಉತ್ತರ ಕರ್ನಾಟಕ ಹಾಗೂ ಕರಾವಳಿಯ ಪ್ರತಿನಿಧಿಗಳೂ ಆಕ್ಷೇಪಿಸಿದ್ದರು.

ವೈದ್ಯಕೀಯ ಕಾಲೇಜು: ಮೈತ್ರಿ ಸರ್ಕಾರದ ಅವಧಿಯಲ್ಲಿ ಕನಕಪುರಕ್ಕೆ ಮಂಜೂರಾಗಿದ್ದ ಸರ್ಕಾರಿ ವೈದ್ಯಕೀಯ ಕಾಲೇಜನ್ನು, ಸರ್ಕಾರ ಬದಲಾದ ಮೇಲೆ 2019ರಲ್ಲಿ ಚಿಕ್ಕಬಳ್ಳಾಪುರಕ್ಕೆ ವರ್ಗಾಯಿಸಲಾಯಿತು. ಕನಕಪುರದ ಶಾಸಕರು ಇದನ್ನು ವಿರೋಧಿಸಿದರು. ಒಂದು ಊರಿನ ಪ್ರತಿನಿಧಿಯ ಪ್ರಭಾವದಿಂದ ಬಂದ ಯೋಜನೆಯು ಆ ಪ್ರಭಾವ ಕಡಿಮೆಯಾದಾಗ ಬೇರೊಂದು ಊರಿಗೆ ಹೋಗಬಹುದು ಎಂಬುದು ಈ ಪ್ರಕರಣದಿಂದ ತಿಳಿದುಬರುತ್ತದೆ. ಎರಡೂ ಊರುಗಳಲ್ಲಿ ಚಿಕಿತ್ಸೆಯ ಅಗತ್ಯವಿದ್ದ ರೋಗಿಗಳಿದ್ದರು.

9. ಅಗತ್ಯಕ್ಕೆ ಅನುಗುಣವಾದ ಹಂಚಿಕೆ

ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕಾಗಿ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ರಚಿಸಲಾಗಿದ್ದ ಉನ್ನತಾಧಿಕಾರ ಸಮಿತಿಯು 2002ರಲ್ಲಿ ವರದಿ ಸಲ್ಲಿಸಿತು. 35 ಸೂಚಕಗಳ ಆಧಾರದ ಮೇಲೆ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವುಗಳೆಂದು ಗುರುತಿಸಲಾಯಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದ, 40 ಅತಿ ಹಿಂದುಳಿದ ಹಾಗೂ 35 ಹಿಂದುಳಿದ ತಾಲ್ಲೂಕುಗಳು. ರಾಜಧಾನಿಯ ಪಕ್ಕದಲ್ಲಿಯೇ ಇರುವ ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಮುಖ್ಯಮಂತ್ರಿಗಳನ್ನು ಆರಿಸಿ ಕಳುಹಿಸಿದ ಕ್ಷೇತ್ರವೂ ಹಿಂದುಳಿದಿರಲು ಸಾಧ್ಯ ಎಂಬುದನ್ನು ಇದು ತೋರಿಸುತ್ತದೆ. ಸಮಿತಿಯ ಶಿಫಾರಸಿನಂತೆ 2007-08ರಿಂದ ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಜಾರಿಗೊಳಿಸಲಾಯಿತು. ಈ ವಿಷಯವನ್ನು ಮತ್ತೆ ಅಧ್ಯಯನ ಮಾಡಲು 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ರಚಿಸಲಾಯಿತು.

ಸೂಚಕಗಳ ಆಧಾರದ ಹಂಚಿಕೆಯಲ್ಲಿ ಹಿಂದುಳಿದ ತಾಲ್ಲೂಕಿಗೆ ಹೆಚ್ಚು ಹಣ ಸಿಗುತ್ತದೆ. ಶಾಸಕರ ನಿಧಿಯಲ್ಲಿ ಬೆಂಗಳೂರು ನಗರದ ಕ್ಷೇತ್ರಕ್ಕೂ ಮಾಗಡಿ ಕ್ಷೇತ್ರಕ್ಕೂ ಅದೇ 2 ಕೋಟಿ. ವಿಶೇಷ ಅನುದಾನದಲ್ಲಿ ಪ್ರಭಾವಕ್ಕೆ ತಕ್ಕಂತೆ ಹೆಚ್ಚು ಕಡಿಮೆ. ಈ ಮೂರು ಪದ್ಧತಿಗಳ ವ್ಯತ್ಯಾಸವನ್ನು ಅರಿತವರು ತಮ್ಮ ಊರಿನ ಬೇಡಿಕೆಯನ್ನು ಸೂಕ್ತ ಕಡೆ ಮಂಡಿಸಬಹುದು.

10. ಯೋಜನೆಯ ಕುರಿತ ಚರ್ಚೆ ಹಾಗೂ ನ್ಯಾಯಾಲಯದ ತೀರ್ಪು

ಶಾಸಕಾಂಗದ ಸದಸ್ಯರು ವೆಚ್ಚದ ತೀರ್ಮಾನದಲ್ಲಿ ಪಾಲ್ಗೊಳ್ಳುವುದು ಸರಿಯೇ ಎಂಬ ಪ್ರಶ್ನೆಯು ಆರಂಭದಿಂದಲೂ ಇದೆ. ವೆಚ್ಚದ ಮೇಲೆ ಕಣ್ಣಿಡಬೇಕಾದವರೇ ವೆಚ್ಚವನ್ನು ಸೂಚಿಸಿದರೆ ಹೊಣೆಗಾರಿಕೆ ಸಡಿಲವಾಗುತ್ತದೆ, ಸ್ಥಳೀಯ ಸಂಸ್ಥೆಗಳ ಅಧಿಕಾರ ಕುಗ್ಗುತ್ತದೆ ಎಂಬುದು ಒಂದು ವಾದ. ಎರಡನೇ ಆಡಳಿತ ಸುಧಾರಣಾ ಆಯೋಗವು 2007ರಲ್ಲಿ ಇಂತಹ ಯೋಜನೆಗಳನ್ನು ರದ್ದುಪಡಿಸುವಂತೆ ಶಿಫಾರಸು ಮಾಡಿತ್ತು. ಇಲಾಖೆಗಳ ಪಟ್ಟಿಯಲ್ಲಿ ಎಂದಿಗೂ ಸೇರದ ಸಣ್ಣ ಅಗತ್ಯಗಳು ಈ ನಿಧಿಯಿಂದಲೇ ಪೂರೈಕೆಯಾಗುತ್ತವೆ ಎಂಬುದು ಮತ್ತೊಂದು ವಾದ. ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಭೀಮ್ ಸಿಂಗ್ ಪ್ರಕರಣದಲ್ಲಿ 2010ರ ಮೇ 6ರಂದು ತೀರ್ಪು ನೀಡಿ, ಸಂಸದರ ನಿಧಿಯು ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಸಂವಿಧಾನದ 282ನೇ ಅನುಚ್ಛೇದದಂತೆ ಸಾರ್ವಜನಿಕ ಉದ್ದೇಶಕ್ಕೆ ಅನುದಾನ ನೀಡಲು ಅವಕಾಶವಿದೆ ಎಂಬುದು ತೀರ್ಪಿನ ಒಂದು ಆಧಾರವಾಗಿತ್ತು.

ಕೆನ್ಯಾ ದೇಶವು 2003ರಲ್ಲಿ ಇದೇ ಬಗೆಯ ಕ್ಷೇತ್ರಾಭಿವೃದ್ಧಿ ನಿಧಿಯನ್ನು ಆರಂಭಿಸಿತು. ಫಿಲಿಪೈನ್ಸ್ ದೇಶದ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತನ್ನಲ್ಲಿನ ಇಂತಹ ನಿಧಿಯನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು.

11. ಚುನಾವಣಾ ಕಾಲದಲ್ಲಿ

ಮಾದರಿ ನೀತಿ ಸಂಹಿತೆ ಜಾರಿಯಲ್ಲಿರುವಾಗ ಸಂಬಂಧಿಸಿದ ಪ್ರದೇಶದಲ್ಲಿ ಈ ನಿಧಿಗಳಿಂದ ಹೊಸ ಬಿಡುಗಡೆ ಅಥವಾ ಹೊಸ ಮಂಜೂರಾತಿ ನೀಡುವಂತಿಲ್ಲ. ಕಾರ್ಯಾದೇಶ ನೀಡಿದ್ದರೂ ಸ್ಥಳದಲ್ಲಿ ಆರಂಭವಾಗದ ಕಾಮಗಾರಿಯನ್ನು ಆರಂಭಿಸುವಂತಿಲ್ಲ. ಈಗಾಗಲೇ ಆರಂಭವಾದ ಕಾಮಗಾರಿ ಮುಂದುವರಿಯಬಹುದು. ಈ ಭಾಗದಲ್ಲಿ ಸಾರ್ವತ್ರಿಕ ಚುನಾವಣೆಗಳಲ್ಲದೆ ಹಲವು ಉಪಚುನಾವಣೆಗಳೂ ನಡೆದಿವೆ. ರಾಮನಗರದಲ್ಲಿ 2009 ಹಾಗೂ 2018ರಲ್ಲಿ, ಚನ್ನಪಟ್ಟಣದಲ್ಲಿ 2009, 2011 ಹಾಗೂ 2024ರಲ್ಲಿ, ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ 2013ರಲ್ಲಿ ಉಪಚುನಾವಣೆ ನಡೆಯಿತು. ಇಂತಹ ಅವಧಿಗಳಲ್ಲಿ ಉಂಟಾಗುವ ವಿಳಂಬವು ಅರ್ಜಿಯ ತಿರಸ್ಕಾರವಲ್ಲ. ನೀತಿ ಸಂಹಿತೆ ಮುಗಿದ ನಂತರ ಅರ್ಜಿದಾರರು ಕಡತದ ಸ್ಥಿತಿಯನ್ನು ಮತ್ತೆ ವಿಚಾರಿಸತಕ್ಕದ್ದು.

12. ಶಿಫಾರಸು ಬೇಕಾದವು ಹಾಗೂ ಬೇಡವಾದವು

ಸಾರ್ವಜನಿಕರ ಗಮನಕ್ಕೆ ವಿಶೇಷವಾಗಿ ತರಬಯಸುವ ಅಂಶವೆಂದರೆ, ಪ್ರದೇಶಾಭಿವೃದ್ಧಿ ಕಾಮಗಾರಿಗೆ ಮಾತ್ರ ಜನಪ್ರತಿನಿಧಿಯ ಶಿಫಾರಸು ಅಗತ್ಯ. ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ಮಾಸಾಶನ, ಜಾತಿ ಹಾಗೂ ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಜನನ ಮರಣ ಪ್ರಮಾಣಪತ್ರ ಇವು ಅರ್ಹರಿಗೆ ನಿಯಮದಂತೆ ದೊರೆಯತಕ್ಕ ಸೇವೆಗಳು. ಇವುಗಳಿಗೆ ಯಾರ ಪತ್ರವೂ ಬೇಕಾಗಿಲ್ಲ. ಅರ್ಜಿಯನ್ನು ನಾಡಕಚೇರಿ, ತಾಲ್ಲೂಕು ಕಚೇರಿ ಅಥವಾ ಸಂಬಂಧಿಸಿದ ಸ್ಥಳೀಯ ಸಂಸ್ಥೆಯಲ್ಲಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳನ್ನು ನಿಗದಿತ ದಿನಗಳೊಳಗೆ ಒದಗಿಸುವುದು ಅಧಿಕಾರಿಯ ಕರ್ತವ್ಯವಾಗಿದೆ. ಶಿಫಾರಸು ಪತ್ರ ತರುವವರೆಗೆ ಅರ್ಜಿ ಸ್ವೀಕರಿಸುವುದಿಲ್ಲವೆಂದು ಹೇಳಲು ಅವಕಾಶವಿರುವುದಿಲ್ಲ.

13. ಮಾಹಿತಿ ಪಡೆಯುವ ವಿಧಾನ

ಪ್ರತಿ ಕಾಮಗಾರಿಯ ಸ್ಥಳದಲ್ಲಿ ಯೋಜನೆಯ ಹೆಸರು, ಮೊತ್ತ ಮುಂತಾದ ವಿವರಗಳ ಫಲಕವಿದೆಯೇ ಎಂಬುದನ್ನು ಸಾರ್ವಜನಿಕರು ನೋಡಬಹುದು. ಸಂಸದರ ನಿಧಿಯ ಕಾಮಗಾರಿಗಳಿಗೆ ಇಂತಹ ಫಲಕವು ಕಡ್ಡಾಯ.

ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಜಿಲ್ಲಾಧಿಕಾರಿಗಳ ಕಚೇರಿಯ ಅಥವಾ ಅನುಷ್ಠಾನ ಸಂಸ್ಥೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ರಾಜ್ಯದ ನಿಯಮಗಳಂತೆ ಒಂದು ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳನ್ನು ಮೀರಬಾರದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ತೃಪ್ತಿಕರವಲ್ಲದಿದ್ದಲ್ಲಿ 30 ದಿನಗಳೊಳಗೆ ಮೊದಲ ಮೇಲ್ಮನವಿಯನ್ನು, ನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿಯನ್ನು ಸಲ್ಲಿಸಬಹುದು.

ಕೆಳಕಂಡ ದಾಖಲೆಗಳನ್ನು ಹೆಸರಿಸಿ ಕೇಳುವುದು ಪ್ರಯೋಜನಕಾರಿ: ಶಿಫಾರಸು ಪತ್ರ, ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆಯ ಆದೇಶ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ, ಹಣ ಬಳಕೆ ಪ್ರಮಾಣಪತ್ರ.

ಕಳಪೆ ಕಾಮಗಾರಿ ಅಥವಾ ವಿಳಂಬದ ಬಗ್ಗೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಬಹುದು. ಭ್ರಷ್ಟಾಚಾರದ ದೂರುಗಳನ್ನು ಲೋಕಾಯುಕ್ತಕ್ಕೆ ಸಲ್ಲಿಸಬಹುದು. ಗ್ರಾಮ ಪಂಚಾಯಿತಿಯ ವಾರ್ಷಿಕ ಜಮಾಬಂದಿ ಸಭೆಯಲ್ಲಿ ಪಂಚಾಯಿತಿಯ ಲೆಕ್ಕಪತ್ರ ಹಾಗೂ ಕಾಮಗಾರಿಗಳನ್ನು ಪರಿಶೀಲಿಸಲು ಗ್ರಾಮಸ್ಥರಿಗೆ ಅವಕಾಶವಿದೆ. ಸಾರ್ವಜನಿಕ ಮಹತ್ವದ ವಿಷಯವನ್ನು ವಿಧಾನಸಭೆಯ ಅರ್ಜಿಗಳ ಸಮಿತಿಯ ಮುಂದೆಯೂ ತರಬಹುದು.

14. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಊರಿನವರು ಗೆದ್ದ ಶಾಸಕರಿಗೆ ಮತ ಹಾಕಿಲ್ಲ. ಅನುದಾನ ಕೇಳಬಹುದೇ?
ಉತ್ತರ: ಕೇಳಬಹುದು. ಶಾಸಕರು ಇಡೀ ಕ್ಷೇತ್ರದ ಪ್ರತಿನಿಧಿಯಾಗಿರುತ್ತಾರೆ. ಮತದಾನವು ಗೋಪ್ಯವಾಗಿದ್ದು, ಅನುದಾನಕ್ಕೂ ಅದಕ್ಕೂ ನಿಯಮದಲ್ಲಿ ಯಾವುದೇ ಸಂಬಂಧವಿಲ್ಲ.

ಪ್ರಶ್ನೆ: ಶಾಸಕರು ಶಿಫಾರಸು ಮಾಡಲು ಒಪ್ಪದಿದ್ದಲ್ಲಿ ಬೇರೆ ದಾರಿ ಇದೆಯೇ?
ಉತ್ತರ: ವಿಧಾನಪರಿಷತ್ತಿನ ಸದಸ್ಯರು, ಲೋಕಸಭಾ ಸದಸ್ಯರು ಹಾಗೂ ರಾಜ್ಯದಿಂದ ಆಯ್ಕೆಯಾದ ರಾಜ್ಯಸಭಾ ಸದಸ್ಯರಿಗೂ ಮನವಿ ಸಲ್ಲಿಸಬಹುದು. ರಾಜ್ಯಸಭಾ ಸದಸ್ಯರು ತಾವು ಆಯ್ಕೆಯಾದ ರಾಜ್ಯದ ಯಾವುದೇ ಜಿಲ್ಲೆಗೆ ಶಿಫಾರಸು ಮಾಡಬಹುದು. ಗ್ರಾಮಸಭೆಯ ಮೂಲಕ ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸುವುದು ಮತ್ತೊಂದು ಮಾರ್ಗ.

ಪ್ರಶ್ನೆ: ಶಿಫಾರಸು ಪತ್ರ ದೊರೆತರೆ ಕಾಮಗಾರಿ ಮಂಜೂರಾದಂತೆಯೇ?
ಉತ್ತರ: ಇಲ್ಲ. ಜಾಗದ ದಾಖಲೆ, ಅಂದಾಜು ಹಾಗೂ ಮಾರ್ಗಸೂಚಿಗೆ ಅನುಗುಣವಾಗಿ ಪರಿಶೀಲಿಸಿದ ನಂತರ ಜಿಲ್ಲಾಡಳಿತವು ಆದೇಶ ಹೊರಡಿಸುತ್ತದೆ. ಆದೇಶದ ಸಂಖ್ಯೆ ಹಾಗೂ ದಿನಾಂಕವನ್ನು ಕೇಳಿ ಪಡೆಯತಕ್ಕದ್ದು.

ಪ್ರಶ್ನೆ: ಶಾಸಕರ ಅವಧಿ ಮುಗಿದರೆ ನಮ್ಮ ಅರ್ಧ ಕಟ್ಟಡದ ಗತಿ ಏನು?
ಉತ್ತರ: ಮಂಜೂರಾತಿ ನೀಡಿರುವುದು ಜಿಲ್ಲಾಡಳಿತವಾದ್ದರಿಂದ, ಪ್ರತಿನಿಧಿ ಬದಲಾದ ಮಾತ್ರಕ್ಕೆ ಆರಂಭವಾದ ಕಾಮಗಾರಿಯ ಹೊಣೆ ಮುಗಿಯುವುದಿಲ್ಲ. ಕಾರ್ಯಾದೇಶದ ಪ್ರತಿಯೊಂದಿಗೆ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸತಕ್ಕದ್ದು.

ಪ್ರಶ್ನೆ: ಫಲಕದ ಮೇಲೆ ಶಾಸಕರ ಹೆಸರಿದೆ. ಕಟ್ಟಡ ಅವರದೇ?
ಉತ್ತರ: ಅಲ್ಲ. ಹಣವು ಸಾರ್ವಜನಿಕರ ತೆರಿಗೆಯದು, ಆಸ್ತಿಯು ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯದು. ಅದನ್ನು ಬಳಸುವ ಹಕ್ಕು ಜಾತಿ, ಪಕ್ಷಗಳ ಭೇದವಿಲ್ಲದೆ ಎಲ್ಲರಿಗೂ ಇರುತ್ತದೆ. ಯಾರಿಗಾದರೂ ಪ್ರವೇಶ ನಿರಾಕರಿಸಿದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಅಥವಾ ತಹಶೀಲ್ದಾರರಿಗೆ ಲಿಖಿತ ದೂರು ನೀಡತಕ್ಕದ್ದು.

ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ. ಅರ್ಜಿಯ ಒಂದು ಪ್ರತಿಯನ್ನು ಹಾಗೂ ಕಚೇರಿಯ ಮೊಹರುಳ್ಳ ಸ್ವೀಕೃತಿಯನ್ನು ತಪ್ಪದೆ ತಮ್ಮ ಬಳಿ ಇರಿಸಿಕೊಳ್ಳತಕ್ಕದ್ದು.